ಇಂಗ್ಲಿಷ್ ಪದವೊಂದರ ಮೂಲವನ್ನು ಹುಡುಕುವ ಕ್ರಮ

ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ನಡುವೆಯಾಗಲಿ, ಚಿತ್ರದುರ್ಗದ ಯಾವುದೋ ಶಾಲೆಯ ಶಿಕ್ಷಕರ ಕೊಠಡಿಯಲ್ಲಾಗಲಿ, ಪದಗಳ ಮಾತು ಎದ್ದಾಗ ಕೆಲವು ಹೇಳಿಕೆಗಳು ತಪ್ಪದೆ ಕಿವಿಗೆ ಬೀಳುತ್ತವೆ. ಇಂಗ್ಲಿಷಿನ ‘ಒನ್’ ನಮ್ಮ ಒಂದರಿಂದಲೇ ಹೋದದ್ದು, ‘ಏಯ್ಟ್’ ನಮ್ಮ ಎಂಟರಿಂದ ಹೋದದ್ದು, ‘ನ್ಯೂಸ್’ ಎಂಬುದು ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು, ‘ರೈಸ್’ ಎಂದರೆ ತಮಿಳಿನ ಅರಿಸಿ. ಇವುಗಳಲ್ಲಿ ಮೊದಲ ಮೂರು ನಿಲ್ಲುವುದಿಲ್ಲ. ನಾಲ್ಕನೆಯದು ವಿದ್ವಾಂಸರ ನಡುವೆ ಇಂದಿಗೂ ಚರ್ಚೆಯಲ್ಲಿರುವ ವಿಷಯ. ಆದರೆ ನಾನು ಹೀಗೆ ಬರೆದೆನೆಂಬ ಒಂದೇ ಕಾರಣಕ್ಕೆ ಇದನ್ನು ಯಾರೂ ಒಪ್ಪಬೇಕಾಗಿಲ್ಲ. ಆಸಕ್ತಿಯುಳ್ಳ ಯಾರೇ ಆದರೂ ತಾವೇ ಕೂತು ಪರೀಕ್ಷಿಸಬಹುದಾದ ಕ್ರಮವೊಂದಿದೆ, ಅದಕ್ಕೆ ಬೇಕಾದ ನಿಘಂಟುಗಳಲ್ಲಿ ಹಲವು ಈಗ ಮೊಬೈಲಿನಲ್ಲೇ ಸಿಗುತ್ತವೆ. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳನ್ನು ಆದಷ್ಟು ಮಟ್ಟಿಗೆ ಈ ಎರಡು ಜಿಲ್ಲೆಗಳ ಹೊಲ, ತೋಟ, ಮಾರುಕಟ್ಟೆಗಳಲ್ಲಿ ಕಾಣುವ ವಸ್ತುಗಳ ಹೆಸರುಗಳಿಂದಲೇ ಆರಿಸಿಕೊಂಡಿದ್ದೇನೆ.

ಇಂದಿನ ರೂಪದಿಂದ ಹಿಂದಕ್ಕೆ

ಮೂಲವನ್ನು ಮೊದಲೇ ಊಹಿಸಿಕೊಂಡು ಅಲ್ಲಿಂದ ಇಂದಿನವರೆಗೆ ದಾರಿ ಕಟ್ಟುತ್ತ ಬರುವುದು ಎಲ್ಲರೂ ಹಿಡಿಯುವ, ಆದರೆ ಹಿಡಿಯಬಾರದ ಮಾರ್ಗ. ಪದದ ಇಂದಿನ ರೂಪವನ್ನು ಹಿಡಿದುಕೊಂಡು ಒಂದೊಂದೇ ಕೊಂಡಿಯಾಗಿ ಹಿಂದಕ್ಕೆ ಹೋಗಬೇಕು. ಪ್ರತಿ ಕೊಂಡಿಯಲ್ಲೂ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ಈ ರೂಪ ಬರಹದಲ್ಲಿ ಮೊದಲು ಕಾಣಿಸಿಕೊಂಡದ್ದು ಯಾವ ಕಾಲದಲ್ಲಿ, ಕೊಟ್ಟ ಭಾಷೆಯವರೂ ಪಡೆದ ಭಾಷೆಯವರೂ ಆ ಕಾಲದಲ್ಲಿ ಎಲ್ಲಿ ಕಲೆತಿದ್ದರು, ಒಂದು ರೂಪ ಇನ್ನೊಂದಾಗಲು ಆದ ಧ್ವನಿ ಬದಲಾವಣೆ ಬೇರೆ ಪದಗಳಲ್ಲೂ ಆಗಿದೆಯೇ, ಅರ್ಥ ಹೊಂದುತ್ತದೆಯೇ. ಇವಕ್ಕೆ ಉತ್ತರವಿಲ್ಲದ ಕೊಂಡಿಯ ಮೇಲೆ ಭಾರ ಹಾಕಬಾರದು.

ಈ ಪರೀಕ್ಷೆಗೆ ‘ಏಯ್ಟ್’ ಪದವನ್ನೇ ಒಡ್ಡಿ ನೋಡೋಣ. ಅದರ ಇಂಗ್ಲಿಷ್ ಕಾಗುಣಿತದ ನಡುವೆ ಜಿ ಮತ್ತು ಎಚ್ ಎಂಬ ಎರಡು ಅಕ್ಷರಗಳು ಸುಮ್ಮನೆ ಕೂತಿವೆ, ಅವನ್ನು ಯಾರೂ ಉಚ್ಚರಿಸುವುದಿಲ್ಲ. ಉಚ್ಚರಿಸದ ಅಕ್ಷರವೆಂದರೆ ಸಾಮಾನ್ಯವಾಗಿ ಹಿಂದೊಮ್ಮೆ ಉಚ್ಚರಿಸುತ್ತಿದ್ದ ಅಕ್ಷರ ಎಂದೇ ಅರ್ಥ, ಹುಡುಕುವವರಿಗೆ ಅದು ಮೊದಲ ಸುಳಿವು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಎಅಹ್ತ’ ಎಂದಿತ್ತು, ಜರ್ಮನ್ ಭಾಷೆಯಲ್ಲಿ ಇಂದಿಗೂ ‘ಆಖ್ಟ್’ ಎನ್ನುತ್ತಾರೆ, 4ನೆಯ ಶತಮಾನದಲ್ಲಿ ಬೈಬಲ್ ಅನುವಾದಗೊಂಡ ಗಾಥಿಕ್ ಭಾಷೆಯಲ್ಲಿ ‘ಅಹ್ತೌ’ ಎಂದಿದೆ. ಅಲ್ಲಿಂದ ಪಕ್ಕಕ್ಕೆ ನೋಡಿದರೆ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ‘ಒಕ್ತೋ’, ಸಂಸ್ಕೃತದಲ್ಲಿ ‘ಅಷ್ಟೌ’. ಅಂದರೆ ‘ಏಯ್ಟ್’ ಪದದ ನಿಜವಾದ ಬಂಧು ನಾವು ಗೋಕುಲಾಷ್ಟಮಿ ಎನ್ನುವಾಗ ಬಳಸುವ ಅಷ್ಟವೇ ಹೊರತು ಎಂಟಲ್ಲ. ಎಂಟನ್ನು ಹಿಂದಕ್ಕೆ ಒಯ್ದರೆ ತಮಿಳಿನ ‘ಎಟ್ಟು’, ತೆಲುಗಿನ ‘ಎನಿಮಿದಿ’ಗಳ ಜೊತೆ ಸೇರಿ ‘ಎಣ್’ ಎಂಬ ದ್ರಾವಿಡ ಧಾತುವಿನ ಕಡೆಗೆ ಹೋಗುತ್ತದೆ. ಇಂದು ಹತ್ತಿರ ಕಾಣುವ ಎರಡು ಪದಗಳು ಹಿಂದೆ ಹೋದಂತೆ ದೂರವಾದವು. ದೂರ ಕಾಣುತ್ತಿದ್ದ ಅಷ್ಟ ಹತ್ತಿರವಾಯಿತು. ಸಂಬಂಧವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತಿಳಿದಿಲ್ಲ.

‘ಒನ್’ ಕಥೆಯೂ ಅಂಥದ್ದೇ. ಅದರ ಆರಂಭದ ವಕಾರದಂಥ ಧ್ವನಿ ಮಧ್ಯಯುಗದ ಕೊನೆಯಲ್ಲಿ ಸೇರಿಕೊಂಡದ್ದು. ಹಳೆಯ ಇಂಗ್ಲಿಷಿನಲ್ಲಿ ಅದು ‘ಆನ್’. ಅದೇ ಪದ ಅಡಗಿರುವ ‘ಓನ್ಲಿ’, ‘ಅಲೋನ್’ಗಳಲ್ಲಿ ಇಂದಿಗೂ ವಕಾರ ಕೇಳಿಸುವುದಿಲ್ಲ. ಒಂದು, ಒಬ್ಬ, ಒರ್ವ, ಓರ್ ಎಂಬ ನಮ್ಮ ಗುಂಪಿಗೂ ಅದಕ್ಕೂ ಯಾವ ನಂಟೂ ಇಲ್ಲ. ಶುದ್ಧ ಆಕಸ್ಮಿಕಗಳೂ ಉಂಟೆಂಬುದನ್ನು ಇಲ್ಲೇ ಹೇಳಿಬಿಡಬೇಕು: ನಾವು ಬದ್ಮಾಶ್, ಬದನಾಮ್ ಎನ್ನುವಾಗ ಬರುವ ಪಾರಸಿಯ ‘ಬದ್’ ಮತ್ತು ಇಂಗ್ಲಿಷಿನ ‘ಬ್ಯಾಡ್’ ರೂಪದಲ್ಲೂ ಅರ್ಥದಲ್ಲೂ ಒಂದೇ ಆಗಿದ್ದರೂ ಒಂದಕ್ಕೊಂದು ಸಂಬಂಧಪಟ್ಟವಲ್ಲ.

ದಿಕ್ಕುಗಳ ‘ನ್ಯೂಸ್’ ವಿಚಾರವನ್ನು ಮುಗಿಸಲು ಕಾಲದ ಪ್ರಶ್ನೆಯೊಂದೇ ಸಾಕು. ಹಳೆಯ ಬರಹಗಳಲ್ಲಿ ಆ ಪದದ ಕಾಗುಣಿತ ‘ನ್ಯೂವೆಸ್’ ಎಂಬಂತೆ ಇದೆ. ಹೊಸದು ಎಂಬರ್ಥದ ‘ನ್ಯೂ’ ಪದಕ್ಕೆ ಬಹುವಚನ ಹಚ್ಚಿ, ಫ್ರೆಂಚಿನ ಅದೇ ಅರ್ಥದ ಪದದ ಮಾದರಿಯಲ್ಲಿ, ಹೊಸ ಸಂಗತಿಗಳು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಿದ್ದರು. ಮೊದಲಕ್ಷರಗಳನ್ನು ಕೂಡಿಸಿ ಪದ ಮಾಡುವ ಪದ್ಧತಿ ಬಹುಮಟ್ಟಿಗೆ 20ನೆಯ ಶತಮಾನದ್ದು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಅಂಥ ಹುಟ್ಟನ್ನು ಹೇಳಿದರೆ ಪುಸ್ತಕ ತೆರೆಯುವ ಮೊದಲೇ ಅನುಮಾನಿಸಬಹುದು. ಹಾಗೆ ನೋಡಿದರೆ ‘ನ್ಯೂ’ ಪದಕ್ಕೆ ಸಂಸ್ಕೃತದ ‘ನವ’ ನಿಜವಾದ ಬಂಧು ಎಂಬ ಸಂಗತಿ ಆ ದಿಕ್ಕುಗಳ ಕಥೆಗಿಂತ ಹೆಚ್ಚು ಸ್ವಾರಸ್ಯದ್ದು.

ನಿಘಂಟುಗಳು

1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದು, ಆಮೇಲೆಯೂ ಪರಿಷ್ಕರಣೆಗೊಳ್ಳುತ್ತಲೇ ಇರುವ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಕೆಲಸಕ್ಕೆ ಮೊದಲ ಆಧಾರ. ಅದು ಪ್ರತಿ ಪದಕ್ಕೂ ಬಳಕೆಯ ವಾಕ್ಯಗಳನ್ನು ಇಸವಿಯ ಸಮೇತ ಕೊಡುತ್ತದೆ. ನಿರುಕ್ತಿಯ, ಅಂದರೆ ಪದದ ಮೂಲದ, ವಿವರಣೆಗಿಂತ ಮೊದಲು ಆ ವಾಕ್ಯಗಳನ್ನು ಓದುವುದು ಒಳ್ಳೆಯ ಅಭ್ಯಾಸ. ಅದು ಕೈಗೆಟುಕದಿದ್ದರೆ ಅಂತರ್ಜಾಲದ ಉಚಿತ ಇಂಗ್ಲಿಷ್ ನಿರುಕ್ತಿ ಕೋಶದಿಂದ ಆರಂಭಿಸಬಹುದು. ಭಾರತದಿಂದ ಹೋದ ಪದಗಳಿಗೆ 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ಹಾಬ್ಸನ್-ಜಾಬ್ಸನ್ ಇದೆ. ಅದರ ಉಲ್ಲೇಖಗಳು ಅಮೂಲ್ಯ, ಆದರೆ ವಿವರಣೆಗಳಲ್ಲಿ ಕೆಲವು ಹಳತಾಗಿವೆ. ದ್ರಾವಿಡ ಕಡೆಯ ಕೊಂಡಿಗೆ ಬರೋ ಮತ್ತು ಎಮೆನೊ ಅವರ ದ್ರಾವಿಡ ನಿರುಕ್ತಿ ಕೋಶವನ್ನು ನೋಡಬೇಕು; ಇದು ಮೊದಲು ಬಂದದ್ದು 1961ರಲ್ಲಿ, ಎರಡನೆಯ ಆವೃತ್ತಿ 1984ರಲ್ಲಿ. ಕನ್ನಡಕ್ಕಾದರೆ 1894ರ ಕಿಟ್ಟೆಲ್ ನಿಘಂಟು ಇಂದಿಗೂ ಮೇಜಿನ ಮೇಲಿರಬೇಕಾದ ಗ್ರಂಥ, ಏಕೆಂದರೆ ಅದು ನೆರೆಯ ಭಾಷೆಗಳ ರೂಪಗಳನ್ನೂ ಕೊಡುತ್ತದೆ.

ಇವುಗಳನ್ನು ಓದುವಾಗ ಎರಡು ಸಂಗತಿಗಳಲ್ಲಿ ಹೊಸಬರು ಎಡವುತ್ತಾರೆ. ಪದದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಆ ರೂಪವನ್ನು ಯಾರೂ ಬರಹದಲ್ಲಿ ಕಂಡಿಲ್ಲ, ಬಂಧು ಪದಗಳನ್ನು ಹೋಲಿಸಿ ವಿದ್ವಾಂಸರು ಮರಳಿ ಕಟ್ಟಿಕೊಂಡ ರೂಪ ಅದು. ಎರಡನೆಯದು, ‘ಇಂಥ ಪದದಿಂದ ಬಂದದ್ದು’ ಎಂಬುದಕ್ಕೂ ‘ಇಂಥ ಪದದ ಬಂಧು’ ಎಂಬುದಕ್ಕೂ ಇರುವ ವ್ಯತ್ಯಾಸ. ‘ಏಯ್ಟ್’ ಪದ ಅಷ್ಟದಿಂದ ಬಂದದ್ದಲ್ಲ. ಎರಡಕ್ಕೂ ಮೂಲವಾದದ್ದು ಇವೆರಡಕ್ಕಿಂತ ಹಳೆಯದಾದ, ಈಗ ಇಲ್ಲದ ಒಂದು ಭಾಷೆಯ ಪದ. ಕಲ್ಕತ್ತದಲ್ಲಿ 1786ರಲ್ಲಿ ವಿಲಿಯಂ ಜೋನ್ಸ್ ಮಾಡಿದ ಪ್ರಸಿದ್ಧ ಭಾಷಣವೂ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಸಮಾನ ಮೂಲವೊಂದಿದೆ ಎಂದಿತೇ ಹೊರತು ಸಂಸ್ಕೃತವೇ ಆ ಮೂಲ ಎನ್ನಲಿಲ್ಲ. ನಮ್ಮಲ್ಲಿ ಆ ಮಾತನ್ನು ಅರ್ಧಕ್ಕೆ ಕತ್ತರಿಸಿ ಉದ್ಧರಿಸುವವರೇ ಹೆಚ್ಚು.

ಚನ್ನಗಿರಿಯ ಅಡಿಕೆ, ಇಂಗ್ಲಿಷಿನ ‘ಅರೀಕ’

ಎರವಲು ಪದವೊಂದನ್ನು ಪೂರ್ತಿ ಹಿಂಬಾಲಿಸಲು ಚನ್ನಗಿರಿ ಸೀಮೆಯ ತೋಟಗಳಲ್ಲೂ ಭೀಮಸಮುದ್ರದ ಅಡಿಕೆ ವ್ಯಾಪಾರದಲ್ಲೂ ದಿನನಿತ್ಯ ಕಾಣುವ ವಸ್ತುವೇ ಸಾಕು. ಇಂಗ್ಲಿಷಿನಲ್ಲಿ ಅಡಿಕೆಗೆ ‘ಅರೀಕ ನಟ್’ ಎನ್ನುತ್ತಾರೆ. ಆ ಪದ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದು 16ನೆಯ ಶತಮಾನದ ಕೊನೆಯಲ್ಲಿ. ಆ ಹೊತ್ತಿಗೆ ಇಂಗ್ಲಿಷರು ಭಾರತದಲ್ಲಿ ಇನ್ನೂ ವ್ಯಾಪಾರದ ಕೋಠಿ ತೆರೆದಿರಲಿಲ್ಲ, ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದೇ 1600ರಲ್ಲಿ. ಹಾಗಾದರೆ ಪದ ಅವರಿಗೆ ನೇರವಾಗಿ ಇಲ್ಲಿಂದ ಸಿಕ್ಕಿರಲಾರದು, ನಡುವೆ ಇನ್ನೊಬ್ಬರು ಇರಲೇಬೇಕು. 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದು ಅಲ್ಲಿಂದ ಮುಂದೆ ಕರಾವಳಿಯ ವ್ಯಾಪಾರ ಹಿಡಿದಿದ್ದ ಪೋರ್ಚುಗೀಸರೇ ಆ ಮಧ್ಯಸ್ಥರು. ಅವರ ಭಾಷೆಯಲ್ಲೂ ಈ ಪದ ‘ಅರೆಕ’ ಎಂದೇ ಇದೆ. ಅವರು ಮೊದಲು ಬೇರೂರಿದ್ದು ಮಲಬಾರಿನಲ್ಲಿ; ಅಲ್ಲಿಯ ಮಲಯಾಳದಲ್ಲಿ ಅಡಿಕೆಗೆ ‘ಅಡಯ್ಕ’ ಎನ್ನುತ್ತಾರೆ. ಕಾಲ, ಜನ, ಅರ್ಥ ಮೂರೂ ಹೊಂದಿದವು. ಉಳಿದದ್ದು ಡಕಾರ ರೇಫ, ಅಂದರೆ ರಕಾರ, ಆದದ್ದು ಹೇಗೆ ಎಂಬ ಪ್ರಶ್ನೆ.

ಅದಕ್ಕೆ ಉತ್ತರ ನಮ್ಮ ನಾಲಿಗೆಯಲ್ಲೇ ಇದೆ. ‘ಅಡಿಕೆ’ ಎಂದು ನಿಧಾನವಾಗಿ ಹೇಳಿ ಗಮನಿಸಿದರೆ, ಎರಡು ಸ್ವರಗಳ ನಡುವೆ ಬರುವ ಡಕಾರದಲ್ಲಿ ನಾಲಿಗೆಯ ತುದಿ ಮೇಲಕ್ಕೆ ಮಡಚಿ ಕ್ಷಣಮಾತ್ರ ತಾಗಿ ಕೆಳಗೆ ಬೀಳುತ್ತದೆ. ಪದದ ಮೊದಲಲ್ಲಿ ಬರುವ ಡಕಾರದಂತೆ ಗಟ್ಟಿಯಾಗಿ ಒತ್ತುವುದಿಲ್ಲ. ತಮ್ಮ ಭಾಷೆಯಲ್ಲಿ ಮೂರ್ಧನ್ಯ ಧ್ವನಿಯೇ ಇಲ್ಲದ ಯುರೋಪಿಯನ್ನರಿಗೆ ಆ ಸಣ್ಣ ಬಡಿತ ರೇಫದಂತೆ ಕೇಳಿಸಿತು. ಇದು ಒಂದು ಪದಕ್ಕೆ ಮಾತ್ರ ಆದದ್ದಾಗಿದ್ದರೆ ಒಪ್ಪಲು ಹಿಂಜರಿಯಬೇಕಿತ್ತು. ಆದರೆ ಒಡಿಶಾ ‘ಒರಿಸ್ಸಾ’ ಆದದ್ದು, ಒಡಿಯಾ ‘ಒರಿಯಾ’ ಆದದ್ದು ಇದೇ ಕಿವಿಯಿಂದ; 2011ರಲ್ಲಷ್ಟೇ ಆ ಹೆಸರುಗಳು ಅಧಿಕೃತವಾಗಿ ಸರಿಹೋದವು. ಇನ್ನೊಂದು ಸಾಕ್ಷಿ ಸಿಕ್ಕಿದ ಮೇಲೆ ಕೊಂಡಿ ಬಿಗಿಯಾಯಿತು. ಮಲಯಾಳದಿಂದಾಚೆ ಹೋಗಲು ದ್ರಾವಿಡ ನಿರುಕ್ತಿ ಕೋಶ ತೆರೆದರೆ ತಮಿಳಿನ ‘ಅಡೈಕ್ಕಾಯ್’ ಸಿಗುತ್ತದೆ. ಕೊನೆಯ ಭಾಗ ನಮ್ಮ ‘ಕಾಯಿ’ಯೇ. ಕನ್ನಡದ ಅಡಕೆ, ಅಡಿಕೆ ಎಂಬ ರೂಪಗಳೂ ಅದೇ ನಮೂದಿನಲ್ಲಿವೆ.

ಚನ್ನಗಿರಿಯವರಿಗೆ ಇಲ್ಲಿ ತುಸು ಬೇಸರವಾಗಬಹುದು, ಏಕೆಂದರೆ ಈ ಸರಪಳಿಯಲ್ಲಿ ಕನ್ನಡದ ಅಡಿಕೆ ಇಂಗ್ಲಿಷ್ ಪದಕ್ಕೆ ತಾಯಿಯಲ್ಲ, ಚಿಕ್ಕಮ್ಮ. ಪೋರ್ಚುಗೀಸ್ ರೂಪದ ನಡುವಿನ ಎಕಾರ ಮಲಯಾಳದ ‘ಅಡಯ್ಕ’ದ ಯಕಾರಕ್ಕೆ ಹೊಂದುತ್ತದೆ, ‘ಅಡಿಕೆ’ಯ ಇಕಾರಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಅಭಿಮಾನಕ್ಕಾಗಿ ಕೊಂಡಿಯೊಂದನ್ನು ಬದಲಿಸಿದರೆ ಉಳಿದ ಕೊಂಡಿಗಳೂ ಬೆಲೆ ಕಳೆದುಕೊಳ್ಳುತ್ತವೆ.

ಪದಗಳನ್ನು ಹೊತ್ತು ತರುವವರು ಜನರು ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲೇ ಕಲ್ಲಿನ ಸಾಕ್ಷಿಯುಂಟು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿಸಿದ ಚಪಡನೆಂಬ ಲಿಪಿಕಾರ ಕೊನೆಯ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೇಶದ ವಾಯವ್ಯ ಮೂಲೆಯಲ್ಲಿ. ಅಷ್ಟು ದೂರದ ಬರವಣಿಗೆಯ ಅಭ್ಯಾಸ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲೇ ನಮ್ಮ ಬಂಡೆಗೆ ಬಂದು ತಲುಪಿತ್ತು. ಯಾವ ಎರವಲು ಪದಕ್ಕಾದರೂ ಇಂಥ ಒಬ್ಬ ಚಪಡನನ್ನು, ಅಂದರೆ ವ್ಯಾಪಾರಿಯನ್ನೋ ಸೈನಿಕನನ್ನೋ ಗುಮಾಸ್ತನನ್ನೋ ಹುಡುಕಿ ತೋರಿಸುವುದು ಶೋಧಕನ ಹೊಣೆ.

ಧ್ವನಿ ನಿಯಮ

ಎರವಲಲ್ಲದ, ಭಾಷೆಯ ಜೊತೆಗೇ ಬೆಳೆದು ಬಂದ ಪದಗಳಲ್ಲಿ ಹೊತ್ತು ತಂದವನನ್ನು ಹುಡುಕುವಂತಿಲ್ಲ. ಅಲ್ಲಿ ಧ್ವನಿ ನಿಯಮವೇ ದಾರಿದೀಪ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಹೊಸ ಕಲ್ಪನೆಯೇನಲ್ಲ. ಯಾತ್ರೆ ಜಾತ್ರೆಯಾದರೆ ಯುಗ ಜುಗವಾಗುತ್ತದೆ, ಯಮ ಜವನಾಗುತ್ತಾನೆ. ವನ ಬನವಾದರೆ ವೀರ ಬೀರನಾಗುತ್ತಾನೆ, ವಸತಿ ಬಸದಿಯಾಗುತ್ತದೆ. ಕೇಶಿರಾಜ 13ನೆಯ ಶತಮಾನದಲ್ಲೇ ತನ್ನ ವ್ಯಾಕರಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ಬದಲಾವಣೆಗಳನ್ನು ಸೂತ್ರ ಮಾಡಿ ಇಟ್ಟಿದ್ದಾನೆ. ಹಳಗನ್ನಡದ ಪಾಲು, ಪುಲಿ, ಪಾವುಗಳು ಹಾಲು, ಹುಲಿ, ಹಾವುಗಳಾದದ್ದೂ ಹಾಗೆಯೇ, ಒಂದು ಪದ ಬದಲಾಗಿ ಪಕ್ಕದ್ದು ಉಳಿಯುವ ಅರಾಜಕತೆ ಅಲ್ಲಿಲ್ಲ. ಜರ್ಮನಿಯ ಯಾಕೊಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮ ಇದೇ ಜಾತಿಯದು. ಮೂಲಭಾಷೆಯ ಪಕಾರ ಇಂಗ್ಲಿಷಿನ ಕುಟುಂಬದಲ್ಲಿ ‘ಫ’ ಆಗುತ್ತದೆ, ಆದ್ದರಿಂದ ಸಂಸ್ಕೃತದ ಪಾದಕ್ಕೆ ‘ಫುಟ್’, ಪಂಚಕ್ಕೆ ‘ಫೈವ್’. ದಕಾರ ಟಕಾರದಂತಾಗುತ್ತದೆ, ಆದ್ದರಿಂದ ದಂತಕ್ಕೆ ‘ಟೂತ್’, ದ್ವಿಗೆ ‘ಟೂ’, ದಶಕ್ಕೆ ‘ಟೆನ್’. ‘ಏಯ್ಟ್’ ನಡುವಿನ ಮೌನಾಕ್ಷರಗಳೂ ‘ಒಕ್ತೋ’ದ ಕಕಾರ ಹಕಾರವಾದುದರ ಕುರುಹುಗಳೇ.

ಈ ನಿಯಮದಿಂದ ದಿನಬಳಕೆಗೆ ಬರುವ ಒಂದು ಪರೀಕ್ಷೆ ಸಿಗುತ್ತದೆ. ಇಂಗ್ಲಿಷ್ ಪದವೊಂದರಲ್ಲಿ ಹಳೆಯ ಪಕಾರ, ದಕಾರಗಳು ಬದಲಾಗದೆ ಹಾಗೇ ಉಳಿದಿದ್ದರೆ ಅದು ಇಂಗ್ಲಿಷಿನ ಸ್ವಂತ ಆಸ್ತಿಯಲ್ಲ, ಲ್ಯಾಟಿನ್ ಅಥವಾ ಗ್ರೀಕಿನಿಂದ ಆಮೇಲೆ ತಂದದ್ದು. ಸೈಕಲ್ಲಿನ ‘ಪೆಡಲ್’ ಮತ್ತು ‘ಫುಟ್’ ಒಂದೇ ಬೇರಿನವು, ಮೊದಲನೆಯದು ಎರವಲು, ಎರಡನೆಯದು ಸ್ವಂತ. ‘ಡೆಂಟಲ್’ ಮತ್ತು ‘ಟೂತ್’ ಕೂಡ ಹಾಗೆಯೇ. ದಾವಣಗೆರೆಯಲ್ಲಿ ದಂತವೈದ್ಯ ಕಾಲೇಜುಗಳ ಫಲಕಗಳಿಗೆ ಕೊರತೆಯಿಲ್ಲವಾದ್ದರಿಂದ ಈ ಜೋಡಿಯನ್ನು ಮರೆಯುವುದು ಕಷ್ಟ.

ನಿಯಮಕ್ಕೆ ಅಪವಾದ ಕಂಡಾಗ ಏನು ಮಾಡಬೇಕೆಂಬುದನ್ನು ‘ಫಾದರ್’, ‘ಮದರ್’, ‘ಬ್ರದರ್’ ಎಂಬ ಮೂರು ಪದಗಳು ಕಲಿಸುತ್ತವೆ. ಸಂಸ್ಕೃತದ ಪಿತೃ, ಮಾತೃ, ಭ್ರಾತೃಗಳಲ್ಲಿ ಒಂದೇ ತಕಾರವಿದೆ, ಇಂದಿನ ಇಂಗ್ಲಿಷಿನಲ್ಲೂ ಮೂರರಲ್ಲಿ ಒಂದೇ ಧ್ವನಿಯಿದೆ. ಆದ್ದರಿಂದ ತೊಡಕೇನೂ ಇಲ್ಲವೆಂದು ತೋರುತ್ತದೆ. ಆದರೆ ಹಳೆಯ ಇಂಗ್ಲಿಷಿಗೆ ಹೋದರೆ ‘ಫ್ಯಾಡೆರ್’, ‘ಮೋಡೊರ್’ ಎಂದು ಎರಡರಲ್ಲಿ ಡಕಾರವಿದೆ, ‘ಬ್ರೋಥೊರ್’ ಒಂದರಲ್ಲಿ ಮಾತ್ರ ನಿಯಮದ ಪ್ರಕಾರ ಬರಬೇಕಾದ ಥಕಾರವಿದೆ. ಇದೇಕೆ ಹೀಗೆ ಎಂಬುದು ಅರ್ಧ ಶತಮಾನ ವಿದ್ವಾಂಸರನ್ನು ಕಾಡಿತು. 1870ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವರ್ನರ್ ಉತ್ತರ ಕಂಡುಕೊಂಡಾಗ ಅವನಿಗೆ ನೆರವಾದದ್ದು ವೇದಪಾಠದ ಸ್ವರ. ವೈದಿಕ ಸಂಸ್ಕೃತದಲ್ಲಿ ಪಿತರ್, ಮಾತರ್ ಪದಗಳಲ್ಲಿ ಉದಾತ್ತ, ಅಂದರೆ ಏರಿಸಿ ಹೇಳುವ ಸ್ವರ ಎರಡನೆಯ ಅಕ್ಷರದ ಮೇಲಿದೆ, ಭ್ರಾತರ್ ಪದದಲ್ಲಿ ಮೊದಲ ಅಕ್ಷರದ ಮೇಲಿದೆ. ತಕಾರದ ಹಿಂದಿನ ಅಕ್ಷರದ ಮೇಲೆ ಉದಾತ್ತವಿದ್ದಲ್ಲಿ ಥಕಾರ ಉಳಿಯಿತು, ಇಲ್ಲದಿದ್ದಲ್ಲಿ ಮೃದುವಾಗಿ ಕೊನೆಗೆ ಡಕಾರವಾಯಿತು. ಇಂಗ್ಲಿಷರ ಪೂರ್ವಿಕರು ಎಂದೋ ಕಳೆದುಕೊಂಡ ಸ್ವರಭೇದವೊಂದರ ಗುರುತು ಅವರ ವ್ಯಂಜನದಲ್ಲಿ ಉಳಿದಿತ್ತು, ಅದನ್ನು ಓದುವ ಕೀಲಿಕೈ ನಮ್ಮಲ್ಲಿ ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ಬಂದ ಪಾಠದಲ್ಲಿತ್ತು. ಭಾಷಾಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಸೊಗಸಾಗಿ ಕಂಡ ತರ್ಕ ಇನ್ನೊಂದಿಲ್ಲ. ಶೋಧಕರು ಗಮನಿಸಬೇಕಾದ ಅಂಶವೆಂದರೆ, ಅಪವಾದಗಳನ್ನು ಹಾಗೇ ಬದಿಗೆ ಸರಿಸದೆ ಒಟ್ಟುಗೂಡಿಸಿ ಇಟ್ಟುಕೊಂಡದ್ದರಿಂದಲೇ ಈ ಉತ್ತರ ಸಿಕ್ಕಿತು. ಹಾಗೆಯೇ, ಇಂದಿನ ರೂಪಗಳನ್ನಷ್ಟೇ ಹೋಲಿಸಿದ್ದರೆ ಸಮಸ್ಯೆಯಿದೆ ಎಂಬುದೇ ಕಾಣುತ್ತಿರಲಿಲ್ಲ.

ವಸ್ತುವಿನ ದಾರಿ, ಪದದ ದಾರಿ

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ದಾವಣಗೆರೆಯಲ್ಲಿ ಹತ್ತಿಯ ಬಗ್ಗೆ ಹೇಳದಿದ್ದರೆ ಆಗದು. ಹತ್ತಿ ಬಟ್ಟೆಯನ್ನು ಯುರೋಪಿಗೆ ಪರಿಚಯಿಸಿದ್ದು ಭಾರತ. ಉಣ್ಣೆ ಬಿಡುವ ಮರಗಳು ಭಾರತದಲ್ಲಿವೆ ಎಂದು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲೇ ಗ್ರೀಕರ ಹೆರೊಡೋಟಸ್ ಬರೆದಿದ್ದಾನೆ. ಆದ್ದರಿಂದ ‘ಕಾಟನ್’ ಪದವೂ ಭಾರತದ್ದೇ ಇರಬೇಕೆಂದು ತರ್ಕಿಸುವುದು ಸಹಜ. ಕೊಂಡಿಗಳು ಬೇರೆಯೇ ಹೇಳುತ್ತವೆ. ಇಂಗ್ಲಿಷಿಗೆ ಅದು ಸುಮಾರು 1300ರ ಹೊತ್ತಿಗೆ ಹಳೆಯ ಫ್ರೆಂಚಿನ ‘ಕೊತೊನ್’ ರೂಪದಿಂದ ಬಂತು. ಫ್ರೆಂಚಿಗೆ ಅದು ಬಂದದ್ದು ಮೆಡಿಟರೇನಿಯನ್ ಕಡೆಯಿಂದ. ಸಿಸಿಲಿ ಮತ್ತು ಸ್ಪೇನ್‌ಗಳಲ್ಲಿ ಹತ್ತಿಯ ಬೆಳೆ ಹಬ್ಬಿಸಿದ ಅರಬರ ‘ಕುತ್ನ್’ ಎಂಬ ಪದವೇ ಅದರ ಮೂಲ. ಸ್ಪ್ಯಾನಿಷ್ ಭಾಷೆ ಅರಬ್ಬಿಯ ‘ಅಲ್’ ಎಂಬ ಉಪಪದವನ್ನೂ ಬಿಡದೆ ಸೇರಿಸಿಕೊಂಡು ‘ಅಲ್ಗೊದೊನ್’ ಎಂದಿತು. ಸರಪಳಿಗೆ ಅದು ಇನ್ನೊಂದು ಸಾಕ್ಷಿ. ಅರಬ್ಬಿಯಾಚೆ ಒಮ್ಮತದ ಕೊಂಡಿ ಇಲ್ಲವಾದ್ದರಿಂದ ಅಲ್ಲೇ ನಿಲ್ಲಬೇಕು.

ಭಾರತದ ಪದವೂ ಪ್ರಯಾಣ ಮಾಡಲಿಲ್ಲವೆಂದಲ್ಲ. ಸಂಸ್ಕೃತದ ‘ಕಾರ್ಪಾಸ’ ಹೀಬ್ರೂ ಬೈಬಲ್ಲಿನ ಎಸ್ತೇರಳ ಗ್ರಂಥದಲ್ಲಿ ‘ಕರ್ಪಸ್’ ಆಗಿ, ಗ್ರೀಕಿನಲ್ಲಿ ‘ಕಾರ್ಪಸೊಸ್’ ಆಗಿ ಕಾಣಿಸಿಕೊಂಡಿದೆ. ಅದು ಇಂಗ್ಲಿಷಿನ ನಿತ್ಯದ ಮಾತಿಗೆ ಇಳಿಯಲಿಲ್ಲ, ಅಷ್ಟೇ. ನಾವು ಬಳಸುವ ‘ಹತ್ತಿ’ ಇನ್ನೊಂದೇ ಮನೆತನದ್ದು, ಹಳಗನ್ನಡದ ‘ಪರ್ತಿ’ಯಿಂದ, ತಮಿಳಿನ ‘ಪರುತ್ತಿ’ಯ ಬಂಧುವಾಗಿ ಬಂದದ್ದು.

ಜಗಳೂರು ಕಡೆಯ ಮೆಕ್ಕೆಜೋಳಕ್ಕೆ ಇಂಗ್ಲಿಷಿನಲ್ಲಿ ಎರಡು ಹೆಸರಿವೆ: ವ್ಯಾಪಾರದ ಪಟ್ಟಿಯಲ್ಲಿ ‘ಮೇಯ್ಜ್’, ಚಿತ್ರಮಂದಿರದಲ್ಲಿ ‘ಪಾಪ್‌ಕಾರ್ನ್’. ಮೊದಲನೆಯದು ಕೆರಿಬಿಯನ್ ದ್ವೀಪಗಳ ತೈನೊ ಜನರ ಪದ, 1492ರ ನಂತರ ಸ್ಪ್ಯಾನಿಷರ ಬಾಯಿಗೆ ಬಂದು 16ನೆಯ ಶತಮಾನದ ನಡುವಿನಲ್ಲಿ ಇಂಗ್ಲಿಷಿಗೆ ತಲುಪಿತು. ‘ಕಾರ್ನ್’ ಇಂಗ್ಲಿಷಿನ ಸ್ವಂತ ಪದ. ಕಾಳು ಎಂಬುದು ಅದರ ಹಳೆಯ ಅರ್ಥ, ಲ್ಯಾಟಿನಿನ ‘ಗ್ರಾನುಮ್’ ಅದರ ಬಂಧು. ಗಕಾರ ಕಕಾರವಾಗುವುದೂ ಗ್ರಿಮ್ ನಿಯಮದ್ದೇ ಭಾಗ. ಅದೇ ‘ಗ್ರಾನುಮ್’ ಫ್ರೆಂಚಿನ ಮೂಲಕ ಬಂದಾಗ ‘ಗ್ರೇನ್’ ಆಯಿತು.

ಅರ್ಥದ ಕೊಂಡಿ ಎಷ್ಟು ಜಾರಬಲ್ಲದು ಎಂಬುದಕ್ಕೆ ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ನೆನೆಯಬಹುದು. ಅಲ್ಲಿ ಹಿಂಡುವುದು ಶೇಂಗಾ. ‘ಆಯಿಲ್’ ಪದ ಫ್ರೆಂಚ್ ದಾರಿಯಿಂದ ಲ್ಯಾಟಿನಿನ ‘ಒಲೆಯುಮ್’ಗೆ, ಅಲ್ಲಿಂದ ಗ್ರೀಕಿನ ‘ಎಲಾಯಿಯಾ’ಗೆ, ಅಂದರೆ ಆಲಿವ್ ಕಾಯಿಗೆ ಹೋಗಿ ಮುಟ್ಟುತ್ತದೆ. ಸಂಸ್ಕೃತದ ತೈಲ ಹುಟ್ಟಿದ್ದು ತಿಲದಿಂದ, ಎಂದರೆ ಎಳ್ಳಿನಿಂದ. ಕನ್ನಡದ ಎಣ್ಣೆಯೂ ‘ಎಳ್’ ಮತ್ತು ಜಿಡ್ಡು ಎಂಬರ್ಥದ ‘ನೆಯ್’ ಕೂಡಿ ಆದದ್ದೇ. ಸೀಮೆಎಣ್ಣೆ ಎನ್ನುವಾಗ ನಮಗೆ ಎಳ್ಳು ನೆನಪಾಗುವುದಿಲ್ಲ, ‘ಎಂಜಿನ್ ಆಯಿಲ್’ ಎನ್ನುವಾಗ ಅವರಿಗೆ ಆಲಿವ್ ನೆನಪಾಗುವುದಿಲ್ಲ. ಒಂದು ಬೀಜದ ಹೆಸರು ಇಡೀ ವರ್ಗದ ಹೆಸರಾಗಿ ಹಿಗ್ಗುವುದು ಸಾಮಾನ್ಯವೆಂದು ಬೇರೆಬೇರೆ ಭಾಷೆಗಳಲ್ಲಿ ಕಂಡ ಮೇಲೆ, ಅರ್ಥ ಬದಲಾಗಿದೆ ಎಂಬ ಕಾರಣಕ್ಕೆ ಕೊಂಡಿಯನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಬದಲಾವಣೆಯ ದಾರಿಯನ್ನು ತೋರಿಸಲೇಬೇಕು.

ಒಮ್ಮತವಿಲ್ಲದಲ್ಲಿ

ಇನ್ನು ಉಳಿದದ್ದು ‘ರೈಸ್’. ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವವರಿಗೆ ಇದು ಹತ್ತಿರದ ಪದ. ಇಂಗ್ಲಿಷಿನಲ್ಲಿ 13ನೆಯ ಶತಮಾನದಿಂದ ಕಾಣುವ ಇದು ಹಳೆಯ ಫ್ರೆಂಚಿನ ‘ರಿಸ್’, ಇಟಲಿಯ ‘ರಿಸೊ’, ಲ್ಯಾಟಿನ್ ಮತ್ತು ಗ್ರೀಕಿನ ‘ಒರೂಜ಼’ದವರೆಗೆ ಯಾರ ತಕರಾರೂ ಇಲ್ಲದೆ ಹೋಗುತ್ತದೆ. ಅಲ್ಲಿಂದಾಚೆ ದಾರಿ ಕವಲೊಡೆಯುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಮೊದಲಾದವರು ತಮಿಳಿನ ಅರಿಸಿಯ ಕಡೆ ಬೆರಳು ತೋರಿಸಿದರು. ಇತ್ತೀಚಿನ ಹಲವರು ಗ್ರೀಕರಿಗೆ ಈ ಪದ ಇರಾನಿ ಭಾಷೆಗಳಿಂದ ಸಿಕ್ಕಿತೆನ್ನುತ್ತಾರೆ. ಅದೇ ಕುಟುಂಬದ ಪಶ್ತೊ ಭಾಷೆಯಲ್ಲಿ ಅಕ್ಕಿಗೆ ‘ವ್ರಿಜ಼ೆ’ ಎಂಬ ರೂಪವಿದೆ, ಸಂಸ್ಕೃತದ ‘ವ್ರೀಹಿ’ ಅದರ ಪಕ್ಕದಲ್ಲೇ ನಿಲ್ಲುತ್ತದೆ, ಮತ್ತು ವಕಾರವನ್ನು ಬಿಟ್ಟುಕೊಟ್ಟಿದ್ದ ಗ್ರೀಕರ ಬಾಯಲ್ಲಿ ಮೊದಲಿನ ‘ವ್ರಿ’ ಎಂಬುದು ‘ಒರು’ ಎಂದಾಗುವುದು ಕಷ್ಟವಲ್ಲ. ಅಲೆಕ್ಸಾಂಡರನ ದಂಡು ಕ್ರಿಸ್ತಪೂರ್ವ 326ರಲ್ಲಿ ಇರಾನಿ ಸೀಮೆಗಳನ್ನು ದಾಟಿಯೇ ಪಂಜಾಬಿಗೆ ಬಂದದ್ದು, ಆಮೇಲೆ ಗ್ರೀಕ್ ವಿದ್ವಾಂಸ ಥಿಯೊಫ್ರಾಸ್ಟಸ್ ತನ್ನ ಸಸ್ಯಗ್ರಂಥದಲ್ಲಿ ಭತ್ತವನ್ನು ವರ್ಣಿಸಿದ. ಜನ, ಕಾಲ, ಧ್ವನಿ ಮೂರನ್ನೂ ಇಟ್ಟು ತೂಗಿದರೆ ಇರಾನಿ ದಾರಿಯೇ ಹೆಚ್ಚು ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಆದರೆ ‘ವ್ರೀಹಿ’ ಪದವೇ ಸಂಸ್ಕೃತಕ್ಕೆ ಬೇರೆ ಭಾಷೆಯಿಂದ ಬಂದದ್ದೆಂದು ಭಾವಿಸುವವರಿದ್ದಾರೆ, ಭತ್ತಕ್ಕೆ ‘ವರಿ’ ಎನ್ನುವ ತೆಲುಗನ್ನು ಅವರು ಮುಂದಿಡುತ್ತಾರೆ. ಹಾಗಾದರೆ ದ್ರಾವಿಡದ ಬಾಗಿಲು ಪೂರ್ತಿ ಮುಚ್ಚಿಲ್ಲ.

ಇಂಥ ಪದವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವಾಗ ಖಚಿತವಾದ ಕೊಂಡಿಗಳನ್ನು ಇಸವಿಯ ಸಮೇತ ಮೇಲಿನಿಂದ ಕೆಳಗೆ ಬರೆದು, ಒಮ್ಮತ ಮುಗಿದಲ್ಲಿ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಎರಡೂ ಅಭಿಪ್ರಾಯಗಳನ್ನು ಅವುಗಳ ಕಾರಣಗಳೊಂದಿಗೆ ನಮೂದಿಸಬೇಕು. ಗೆರೆಯಿಲ್ಲದೆ ಒಂದೇ ಸಾಲಾಗಿ ಬರೆದಿಟ್ಟ ಟಿಪ್ಪಣಿ ವರ್ಷ ಕಳೆದ ಮೇಲೆ ಬರೆದವರನ್ನೇ ಮೋಸಗೊಳಿಸುತ್ತದೆ. ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವವರು ‘ಟೀಕ್’ ಅಥವಾ ‘ಮ್ಯಾಂಗೊ’ ಪದವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಎರಡೂ ‘ಅರೀಕ’ ಬಂದ ಪೋರ್ಚುಗೀಸ್ ದಾರಿಯಲ್ಲೇ ಹೋದವು, ಕೊಂಡಿಗಳು ಕಡಿಮೆ, ಮತ್ತು ಕೊನೆಯಲ್ಲಿ ತೇಗವೋ ಮಾವಿನಕಾಯಿಯೋ ಯಾವ ನಮೂದಿನಲ್ಲಿ ಸಿಗುತ್ತದೆಂಬುದನ್ನು ಕಿಟ್ಟೆಲ್ ನಿಘಂಟಿನಲ್ಲೇ ನೋಡಿಕೊಳ್ಳಬಹುದು.